ಎರವಲು ಸಿಂಗಾರದ ಪಿಕಪ್‌ಗಳು

ಅಮೆರಿಕದ ಹಳ್ಳಿಗಾಡಿನಲ್ಲಿ ಪಿಕಪ್ ಗಾಡಿಗೆ ವಿಶ್ರಾಂತಿಯ ವಯಸ್ಸು ಅಂತ ಒಂದು ಇರಲಿಲ್ಲ. ಹೊಸತಿದ್ದಾಗ ಯಜಮಾನ ಓಡಿಸುತ್ತಿದ್ದ, ಹತ್ತು ವರ್ಷ ಕಳೆದ ಮೇಲೆ ಮಗ, ಅದಾದ ಮೇಲೆ ಆಳು. ಬೇಲಿಕಂಬ, ಗೊಬ್ಬರ, ದನಕ್ಕೆ ಹಾಕುವ ಉಪ್ಪು ಹೊತ್ತು ಹೊತ್ತು ತಳ ತೂತು ಬಿದ್ದಾಗ ಉಪಯೋಗಕ್ಕೆ ಬರುವುದನ್ನೆಲ್ಲ ಬಿಚ್ಚಿಕೊಂಡು ಉಳಿದದ್ದನ್ನು ಗುಜರಿಗೆ ದಬ್ಬುತ್ತಿದ್ದರು. ಒಳ್ಳೆಯ ಕಾರನ್ನು ಭಾನುವಾರದ ಚರ್ಚಿಗೆಂದು ಒರೆಸಿ ಮುಚ್ಚಿಟ್ಟವರುಂಟು. ಪಿಕಪ್ಪನ್ನು ಹಾಗೆ ಮುಚ್ಚಟೆಯಿಂದ ನೋಡಿಕೊಂಡವರು ಕಡಿಮೆ.

ಇಂಥ ದುಡಿಯುವ ಗಾಡಿಗೆ ಆಗಾಗ ಸಿಂಗಾರ ಮಾಡಿ ಷೋರೂಮಿನ ಗಾಜಿನ ಹಿಂದೆ ನಿಲ್ಲಿಸುವ ಹುಕಿ ಡೆಟ್ರಾಯಿಟ್ ಕಂಪನಿಗಳಿಗೆ ಬರುತ್ತಿತ್ತು. ಈಗ ಸಂಗ್ರಹಕಾರರು ಊರೂರು ಅಲೆದು ಹುಡುಕುವ 'ವಿಶೇಷ ಆವೃತ್ತಿ' ಪಿಕಪ್‌ಗಳು ಹುಟ್ಟಿದ್ದು ಹಾಗೆ. ಅವುಗಳಲ್ಲಿ ಹೆಚ್ಚಿನವು ವ್ಯಾಪಾರದಲ್ಲಿ ಸೋತವು ಎಂಬುದನ್ನು ಮರೆಯಬಾರದು. ಚೆನ್ನಾಗಿ ಮಾರಾಟವಾಗಿದ್ದರೆ ಅವು ಅಪರೂಪವಾಗುತ್ತಲೇ ಇರಲಿಲ್ಲ. ಸೋಲುವ ಭಯ ಕಂಪನಿಗಳಿಗೂ ಮೊದಲೇ ಇತ್ತು. ಹೊಸ ಅಚ್ಚು ಮಾಡಿಸುವುದಕ್ಕೆ ದುಡ್ಡು ಬಿಚ್ಚದೆ, ಪಕ್ಕದ ವಿಭಾಗದಲ್ಲಿ ಬಿದ್ದಿರುವ ಸಾಮಾನನ್ನೇ ಎರವಲು ತಂದು ಕೆಲಸ ಸಾಗಿಸಿದರು. ಒಂದಕ್ಕೆ ಸ್ಪೋರ್ಟ್ಸ್ ಕಾರಿನ ಫೈಬರ್ ಗ್ಲಾಸ್ ಕಾರ್ಖಾನೆ, ಇನ್ನೊಂದಕ್ಕೆ ಸ್ಟೇಷನ್ ವ್ಯಾಗನ್ನಿನ ರೆಕ್ಕೆ, ಮತ್ತೊಂದಕ್ಕೆ ಪೊಲೀಸ್ ಕಾರಿನ ಎಂಜಿನ್. ಇವತ್ತು ಇಂಥದೊಂದು ಗಾಡಿಯನ್ನು ಮತ್ತೆ ರಸ್ತೆಗಿಳಿಸಲು ಹೊರಟವನು ಮೊದಲು ಈ ಎರವಲಿನ ಜಾಡು ಹಿಡಿಯಬೇಕು.

1950ರ ದಶಕದ ನಡುವಿನವರೆಗೆ ಪಿಕಪ್ಪಿಗೆ ಹೆಚ್ಚುಕಡಿಮೆ ಒಂದೇ ರೂಪ. ಮುಂದೆ ಕ್ಯಾಬಿನ್ನು, ಹಿಂದೆ ಕಿರಿದಾದ ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯ ಎರಡೂ ಬದಿಗೆ ಉಬ್ಬಿಕೊಂಡ ಮಡ್‌ಗಾರ್ಡು, ಕಾಲಿಟ್ಟು ಹತ್ತಲು ಒಂದು ಮೆಟ್ಟಿಲು. ಜನರಲ್ ಮೋಟಾರ್ಸ್‌ನ ಯುವ ವಿನ್ಯಾಸಕಾರ ಚಕ್ ಜೋರ್ಡಾನ್ ಇದನ್ನು ಮುರಿಯಲು ನೋಡಿದ. ಕಾರಿನಲ್ಲಿರುವಂತೆ ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಒಂದೇ ಗೆರೆ ಎಲ್ಲೂ ಕಡಿಯದೆ ಹರಿಯಬೇಕು ಎಂಬುದು ಅವನ ಆಸೆ. ಎಂಜಿನಿಯರುಗಳು ತಲೆಯಾಡಿಸಲಿಲ್ಲ. ಹೊರೆ ಹೊತ್ತ ಗಾಡಿ ಹಳ್ಳದಲ್ಲಿ ಇಳಿದು ಹತ್ತುವಾಗ ಚಾಸಿ ತಿರುಚಿಕೊಳ್ಳುತ್ತದೆ, ಕ್ಯಾಬಿನ್ನಿಗೂ ಹಿಂದಿನ ಪೆಟ್ಟಿಗೆಗೂ ನಡುವೆ ಜಾಗ ಬಿಡದಿದ್ದರೆ ತಗಡು ಸೀಳಿಹೋಗುತ್ತದೆ ಎಂದರು. ಜಾಗ ಬಿಟ್ಟರು; ಅದು ಕಣ್ಣಿಗೆ ಬೀಳದಂತೆ ಹೊಳೆಯುವ ಪಟ್ಟಿಯೊಂದನ್ನು ಅಡ್ಡ ಕೊಟ್ಟರು.

ಎರಡನೆಯ ತೊಡಕು ದುಡ್ಡಿನದು. ಕೆಲವೇ ಸಾವಿರ ಗಾಡಿಗಾಗಿ ಉಕ್ಕಿನ ತಗಡು ಒತ್ತುವ ಅಚ್ಚು ಮಾಡಿಸಿದರೆ ಗಿಟ್ಟುವುದಿಲ್ಲ. ಅದೇ ಹೊತ್ತಿಗೆ 1953ರಲ್ಲಿ ಬಂದಿದ್ದ, ಜನರಲ್ ಮೋಟಾರ್ಸ್‌ನದೇ ಸ್ಪೋರ್ಟ್ಸ್ ಕಾರು ಷೆವರ್ಲೆ ಕಾರ್ವೆಟ್‌ನ ಬಾಡಿಗೆ ಫೈಬರ್ ಗ್ಲಾಸ್ ಹಲಗೆಗಳು ಓಹಾಯೋ ರಾಜ್ಯದ ಆಷ್ಟಬ್ಯುಲದ ಕಾರ್ಖಾನೆಯಿಂದ ಬರುತ್ತಿದ್ದವು. ಅಲ್ಲಿಗೇ ಇದನ್ನೂ ಒಪ್ಪಿಸಿದರು. ಒಳಗೆ ಮಾಮೂಲಿ ಕಬ್ಬಿಣದ ಪೆಟ್ಟಿಗೆ, ಅದರ ಹೊರಗೆ ಬೋಲ್ಟು ಹಾಕಿ ಬಿಗಿದ ಫೈಬರ್ ಗ್ಲಾಸಿನ ನುಣುಪು ಹೊದಿಕೆ. ಸ್ಟೆಪ್ನಿ ಚಕ್ರ ಹಿಂದಿನ ಬಂಪರಿನ ಮರೆಯಲ್ಲಿ ಅಡಗಿತ್ತು. ಬಂಪರಿನ ನಡುವಿನ ತುಂಡು ಕೆಳಕ್ಕೆ ಮಡಚಿದರೆ ಹೊರಗೆ ಬರುತ್ತಿತ್ತು. 1955ರ ಮಾರ್ಚ್ ತಿಂಗಳಲ್ಲಿ ಷೆವರ್ಲೆಯ ಹೊಸ ಲಾರಿಗಳ ಜತೆಯಲ್ಲೇ ಇದು 'ಕ್ಯಾಮಿಯೊ ಕ್ಯಾರಿಯರ್' ಎಂಬ ಹೆಸರಿನಲ್ಲಿ ಹೊರಬಿತ್ತು. ಮೊದಲ ವರ್ಷ ಒಂದೇ ಬಣ್ಣ, ಆನೆದಂತದ ಬಿಳಿ. ಕ್ಯಾಬಿನ್ನಿನ ಹಿಂದಿನ ಕಿಟಕಿಯ ಸುತ್ತ ಮಾತ್ರ ಕೆಂಪು. ಆ ಬಿಳಿಗೆ ಕಂಪನಿಯ ಬಣ್ಣದ ಪಟ್ಟಿಯಲ್ಲಿ ಇದ್ದ ಹೆಸರು 'ಬಾಂಬೆ ಐವರಿ'. ನಮ್ಮ ಮುಂಬಯಿಗೂ ಆ ಗಾಡಿಗೂ ಇದ್ದ ನಂಟು ಅಷ್ಟೇ.

ಮಾಮೂಲಿ ಅರ್ಧ ಟನ್ ಪಿಕಪ್ಪಿಗಿಂತ ಕೆಲವು ನೂರು ಡಾಲರ್ ಹೆಚ್ಚಿಗೆ ಕೊಟ್ಟು ಇದನ್ನು ಕೊಳ್ಳುವವರು ಯಾರು? ಮೊದಲ ವರ್ಷ 5,220 ಗಾಡಿ ಹೋದವು. ಮರುವರ್ಷ 1,452ಕ್ಕೆ ಇಳಿಯಿತು. 1957ರಲ್ಲಿ ಚೂರು ಚೇತರಿಸಿಕೊಂಡು 2,244, 1958ರಲ್ಲಿ 1,405. ಆ ವರ್ಷದ ನಡುವೆಯೇ ಷೆವರ್ಲೆ ಉಕ್ಕಿನ ತಗಡಿನಲ್ಲೇ ಅಗಲವಾದ, ನುಣುಪು ಬದಿಯ 'ಫ್ಲೀಟ್‌ಸೈಡ್' ಬಾಡಿ ತಂದದ್ದರಿಂದ ಕ್ಯಾಮಿಯೊ ಅನಾಥವಾಯಿತು. ಆದರೆ ಆ ನಾಲ್ಕು ವರ್ಷದಲ್ಲಿ ಅದು ಮಾಡಿಟ್ಟ ಕೆಲಸ ದೊಡ್ಡದು. ಅಮೆರಿಕದ ಬಹುತೇಕ ಪಿಕಪ್‌ಗಳು ಇವತ್ತಿಗೂ ಕ್ಯಾಬಿನ್ನಿನ ಅಗಲಕ್ಕೆ ಸಮನಾದ ನೇರ ಬದಿಯವು.

ಜೋರ್ಡಾನ್‌ನ ಮೂಲ ಆಸೆಯನ್ನು ಆರು ವರ್ಷ ಬಿಟ್ಟು ಫೋರ್ಡ್ ನಡೆಸಿತು. 1961ರಲ್ಲಿ ಕ್ಯಾಬಿನ್ನು, ಹಿಂದಿನ ಪೆಟ್ಟಿಗೆ ಎರಡನ್ನೂ ಬೆಸೆದು ಒಂದೇ ತುಂಡಾಗಿ ಪಿಕಪ್ ಮಾಡಿತು. ಭಾರ ಹೇರಿದಾಗ ಬಾಗಿಲು ಬಿಗಿದುಕೊಳ್ಳುತ್ತದೆ, ತೆಗೆದರೆ ಹಾಕಲು ಬರುವುದಿಲ್ಲ ಎಂಬ ದೂರು ಆ ಗಾಡಿಗೆ ಅಂಟಿಕೊಂಡು ಇನ್ನೂ ಬಿಟ್ಟಿಲ್ಲ. 1963ಕ್ಕೆ ಅದನ್ನೂ ನಿಲ್ಲಿಸಿದರು. ಜನರಲ್ ಮೋಟಾರ್ಸ್‌ನ ಎಂಜಿನಿಯರುಗಳು ಹೇಳಿದ್ದು ಸರಿಯಿತ್ತು.

ಕ್ಯಾಮಿಯೊ ಕಂಡು ಹೊಟ್ಟೆ ಉರಿದದ್ದು ಡಾಡ್ಜ್‌ಗೆ. ಕ್ರೈಸ್ಲರ್ ಬಳಗದ ಈ ಕಂಪನಿಯ ಲಾರಿ ವಿಭಾಗಕ್ಕೆ ಹೊಸ ಬಾಡಿಗೆ ಹಣವಿರಲಿಲ್ಲ, ಫೈಬರ್ ಗ್ಲಾಸ್ ಮಾಡಿಕೊಡುವ ನೆಂಟರೂ ಇರಲಿಲ್ಲ. ಅಲ್ಲಿ ವಿಶೇಷ ಸಲಕರಣೆಗಳ ಗುಂಪು ನೋಡಿಕೊಳ್ಳುತ್ತಿದ್ದ ಜೋ ಬರ್ ಎಂಬಾತ ಹೂಡಿದ ಉಪಾಯವನ್ನು ನಮ್ಮ ಕಡೆಯ ಬಾಡಿ ಕಟ್ಟುವ ಮೇಸ್ತ್ರಿಗಳು ಕೇಳಿದರೆ ಬೆನ್ನು ತಟ್ಟಿಯಾರು. 1957ರ ಡಾಡ್ಜ್ ಕಾರುಗಳಿಗೆ ಹಿಂದೆ ಎತ್ತರಕ್ಕೆ ಚಾಚಿದ ರೆಕ್ಕೆಗಳಿದ್ದವು. ಆ ಕಾಲದ ಅಮೆರಿಕದಲ್ಲಿ ಅದೇ ಷೋಕಿ. ಬರ್ ಎರಡು ಬಾಗಿಲಿನ ಡಾಡ್ಜ್ ಸಬರ್ಬನ್ ಸ್ಟೇಷನ್ ವ್ಯಾಗನ್ನಿನ ಹಿಂದಿನ ಮಡ್‌ಗಾರ್ಡುಗಳನ್ನು ರೆಕ್ಕೆ, ದೀಪ ಸಮೇತ ತರಿಸಿ ಉದ್ದ ಪೆಟ್ಟಿಗೆಯ ಪಿಕಪ್ಪಿನ ಎರಡು ಬದಿಗೆ ಬೆಸೆದ. ಬಂಪರೂ ಅದೇ ವ್ಯಾಗನ್ನಿನದು. ಪಿಕಪ್ಪಿನ ಹಿಂಬಾಗಿಲು ಎರಡು ರೆಕ್ಕೆಗಳ ನಡುವೆ ಹಿಡಿಸದೆ ಹೋದಾಗ ಅದನ್ನು ಕತ್ತರಿಸಿ ಕೂರಿಸಿದರು. ಎರಡು ಬಣ್ಣ ಬಳಿದು, ಚಕ್ರಕ್ಕೆ ದೊಡ್ಡ ಮುಚ್ಚಳ ಹಾಕಿ 'ಸ್ವೆಪ್ಟ್‌ಸೈಡ್' ಎಂದು ಹೆಸರಿಟ್ಟರು.

ಮಾರಾಟ ಕ್ಯಾಮಿಯೊದ ಹತ್ತಿರಕ್ಕೂ ಹೋಗಲಿಲ್ಲ. 1959ರ ಆರಂಭದಲ್ಲಿ ಸದ್ದಿಲ್ಲದೆ ನಿಂತಿತು. ಅದೇ ಕಾರಣಕ್ಕೆ ಇವತ್ತು ಸ್ವೆಪ್ಟ್‌ಸೈಡ್ ಸಿಕ್ಕರೆ ಸಂಗ್ರಹಕಾರರ ಬಾಯಲ್ಲಿ ನೀರೂರುತ್ತದೆ. ಸಿಕ್ಕಿದ್ದರಲ್ಲಿ ರೆಕ್ಕೆಯ ತುದಿ ಕೊಳೆತಿರುವುದು ಮಾಮೂಲು. ಲಾರಿಯ ಬಿಡಿಭಾಗಗಳ ಅಂಗಡಿಯಲ್ಲಿ ಕೇಳಿದರೆ ಆ ರೆಕ್ಕೆ ಸಿಗುವುದಿಲ್ಲ, ಎರಡು ಬಾಗಿಲಿನ 57ರ ವ್ಯಾಗನ್ನು ಎಲ್ಲಾದರೂ ಗುಜರಿಯಲ್ಲಿ ಬಿದ್ದಿದೆಯೇ ಎಂದು ವಿಚಾರಿಸಬೇಕು. ನಾಲ್ಕು ಬಾಗಿಲಿನದರ ರೆಕ್ಕೆ ಇದಕ್ಕೆ ಹೊಂದದು. ಹೀಗೆ ಒಂದು ಪಿಕಪ್ಪನ್ನು ಉಳಿಸಲು ಒಂದು ವ್ಯಾಗನ್ನು ಬಲಿಯಾಗುತ್ತದೆ. ವ್ಯಾಗನ್ ಪ್ರಿಯರಿಗೆ ಇದರ ಬಗ್ಗೆ ಸಿಟ್ಟಿದ್ದರೆ ತಪ್ಪೆನ್ನಲಾರೆ.

ಇನ್ನೊಂದು ಪೇಚು ಹಿಂಬಾಗಿಲಿನದು. ಕಾರ್ಖಾನೆಯಲ್ಲೇ ಕೈಯಿಂದ ಕತ್ತರಿಸಿ ಹೊಂದಿಸಿದ ತಗಡು ಅದು. ಈಗಿನ ದುರಸ್ತಿಯವರ ಕೈಯಲ್ಲಿ ಒಳ್ಳೆಯ ವೆಲ್ಡಿಂಗ್ ಯಂತ್ರವಿದೆ, ಪುಟ್ಟಿಯಿದೆ, ತಾಳ್ಮೆಯಿದೆ. ಅವರು ಆ ಅಂಚನ್ನು ಕನ್ನಡಿಯಂತೆ ನುಣ್ಣಗೆ ಮಾಡಿಬಿಡುತ್ತಾರೆ. ಪ್ರದರ್ಶನದಲ್ಲಿ ಬಹುಮಾನವೂ ಬರುತ್ತದೆ. ಆದರೆ ಜೋ ಬರ್‌ನ ಗಾಡಿ ಹಾಗಿರಲಿಲ್ಲ. ಅವಸರದ ತೇಪೆಯ ಗುರುತೇ ಅದರ ಚರಿತ್ರೆ. ಅದನ್ನು ಉಜ್ಜಿ ಅಳಿಸಿದವನು ಗಾಡಿಯನ್ನು ಉಳಿಸಿ ಅದರ ಕಥೆಯನ್ನು ಕಳೆದ ಎಂದೇ ನನ್ನ ಅನಿಸಿಕೆ.

ಡಾಡ್ಜ್ ಎಂಬ ಹೆಸರು ಕನ್ನಡಿಗರ ಕಿವಿಗೆ ಹೊಸತಲ್ಲ. ಡಾಡ್ಜ್, ಫಾರ್ಗೋ ಲಾರಿಗಳು ನಮ್ಮ ಘಾಟಿ ರಸ್ತೆಗಳಲ್ಲಿ ಏದುಸಿರು ಬಿಟ್ಟು ಹತ್ತಿದ್ದನ್ನು ಹಿರಿಯರು ನೆನೆಯುತ್ತಾರೆ. ಮೋಟಾರು ಕಾರ್ಖಾನೆಯೊಂದು ನಮ್ಮಲ್ಲೇ ಆಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯ 1930ರ ದಶಕದಲ್ಲಿ ಹಟ ಹಿಡಿದಿದ್ದರು, ಮೈಸೂರು ಸಂಸ್ಥಾನ ಬೆಂಬಲಕ್ಕೆ ನಿಂತಿತ್ತು, ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕ್ರೈಸ್ಲರ್ ಜತೆ ಮಾತು ನಡೆಸಿದ್ದರು. ಬ್ರಿಟಿಷ್ ಸರ್ಕಾರ ಕೈ ಜೋಡಿಸಲಿಲ್ಲ. ಮೋಟಾರಿನ ಬದಲು ಬೆಂಗಳೂರಿಗೆ 1940ರಲ್ಲಿ ವಿಮಾನ ಕಾರ್ಖಾನೆ ಬಂತು. ಮೋಟಾರಿನ ಕನಸು 1944ರಲ್ಲಿ ಮುಂಬಯಿಯ ಪ್ರೀಮಿಯರ್ ಕಂಪನಿಯಾಗಿ ಕಣ್ಣು ಬಿಟ್ಟಿತು. ಅಲ್ಲಿ ಕ್ರೈಸ್ಲರ್ ಬಳಗದ ಲಾರಿಗಳು ತಯಾರಾದವು. ಅವಕ್ಕೆ ರೆಕ್ಕೆ ಇರಲಿಲ್ಲ. ಅವು ದುಡಿಯಲಿಕ್ಕೆಂದೇ ಹುಟ್ಟಿದವು.

1964ರಲ್ಲಿ ಡಾಡ್ಜ್ ಇನ್ನೊಂದು ಕೈ ನೋಡಿತು. ಕಾರಿನ ಬಕೆಟ್ ಸೀಟು ಹಾಕಿ, ಮೂತಿಯಿಂದ ಹಿಂದಿನವರೆಗೆ ಪಟ್ಟೆ ಬಳಿದು 'ಕಸ್ಟಮ್ ಸ್ಪೋರ್ಟ್ಸ್ ಸ್ಪೆಷಲ್' ಎಂದು ಮಾರಿತು. ಬೇಕೆಂದವರಿಗೆ 426 ಘನ ಇಂಚಿನ, 365 ಅಶ್ವಶಕ್ತಿಯ ಎಂಜಿನ್ನೂ ಇತ್ತು. ಬೇಕೆಂದವರು ಬೆರಳೆಣಿಕೆಯವರು. ಅದೇ ಕಂಪನಿಯ ಪುಟ್ಟ ಎ100 ಪಿಕಪ್ಪಿಗೆ 'ಹೆಮಿ' ಎಂಬ ರೇಸ್ ಎಂಜಿನ್ ತುರುಕಿದ 'ಲಿಟ್ಲ್ ರೆಡ್ ವ್ಯಾಗನ್' ಮಾತ್ರ ಡ್ರ್ಯಾಗ್ ರೇಸ್ ಮೈದಾನಗಳಲ್ಲಿ ಮುಂದಿನ ಚಕ್ರ ಆಕಾಶಕ್ಕೆತ್ತಿ ಓಡುತ್ತ ಜನರನ್ನು ಹುಚ್ಚೆಬ್ಬಿಸಿತು. ಬಿಲ್ ಗೋಲ್ಡನ್ ಅದರ ಸಾರಥಿ. 'ಕೆಂಪು ಪುಟ್ಟ ಡಾಡ್ಜ್' ಎಂಬ ಮಾತು ಆ ಜನರ ನಾಲಗೆಗೆ ಹತ್ತಿದ್ದು ಆಗ.

ಆಮೇಲೆ ಬಂದದ್ದು ಕಾನೂನಿನ ಕಾಲ. 1970ರ ಶುದ್ಧ ಗಾಳಿ ಕಾಯಿದೆಯ ಬಿಸಿಗೆ ಅಮೆರಿಕದ ಎಂಜಿನ್ನುಗಳು ಒಂದೊಂದಾಗಿ ಸೊರಗಿದವು. 1973ರಲ್ಲಿ ಅರಬ್ ದೇಶಗಳು ತೈಲ ತಡೆದವು; ಮರುವರ್ಷ ದೇಶದುದ್ದಕ್ಕೂ ಗಂಟೆಗೆ 55 ಮೈಲಿಯ ಮಿತಿ ಬಂತು. 1975ರ ಮಾದರಿಯ ಕಾರುಗಳಿಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹತ್ತಿತು, ಅದರ ಬೆನ್ನಿಗೇ ಸೀಸವಿಲ್ಲದ ಪೆಟ್ರೋಲಿನ ಕಟ್ಟುಪಾಡು. ವೇಗದ ಹುಚ್ಚಿನವರಿಗೆ ಕೊಳ್ಳಲು ಏನೂ ಉಳಿಯಲಿಲ್ಲ.

ಏನೂ ಅಂದರೆ, ಕಾರಿನಲ್ಲಿ. ಕಾನೂನು ಬರೆದವರು ಲಾರಿಗಳಿಗೆ ಒಂದು ಕಿಂಡಿ ಬಿಟ್ಟಿದ್ದರು. ಗಾಡಿಯ ತೂಕ, ಹೊರೆ ಎಲ್ಲ ಸೇರಿದ ಒಟ್ಟು ಭಾರದ ಮಿತಿ 6,000 ಪೌಂಡ್ ದಾಟಿದರೆ ಆ ಕಟ್ಟುಪಾಡು ಸಡಿಲ. ರೈತನ ಭಾರದ ಲಾರಿಗೆ ತೊಂದರೆಯಾಗದಿರಲಿ ಎಂಬುದು ಅದರ ಉದ್ದೇಶ. ಕಂಪನಿಗಳಿಗೆ ಅಷ್ಟು ಸಾಕಿತ್ತು. ಫೋರ್ಡ್ 1975ರಲ್ಲಿ ಎಫ್-100ರ ಪಕ್ಕದಲ್ಲಿ ಸ್ವಲ್ಪವೇ ಗಟ್ಟಿಯಾದ ಎಫ್-150 ತಂದದ್ದು ಇದೇ ಗೆರೆಯ ಆಚೆಗೆ ಕಾಲಿಡಲು. ಷೆವರ್ಲೆ, ಡಾಡ್ಜ್ ಹಿಂದೆ ಬಂದವು. 1977ರಲ್ಲಿ ಹುಟ್ಟಿದ ಡಾಡ್ಜ್ ಡಿ150ಯ ಮಿತಿ 6,050 ಪೌಂಡ್. ಐವತ್ತೇ ಪೌಂಡಿನ ಅಂತರದಲ್ಲಿ ಕಾನೂನು ದಾಟಿಬಿಟ್ಟರು.

ಅದೇ ಹೊತ್ತಿಗೆ ಪಿಕಪ್ ಕೊಳ್ಳುವವರೂ ಬದಲಾಗಿದ್ದರು. ನಗರದ ಹುಡುಗರು ವ್ಯಾನಿನೊಳಗೆ ಜಮಖಾನ ಹಾಸಿ, ಹೊರಗೆ ಚಿತ್ರ ಬರೆಸಿ ತಿರುಗುತ್ತಿದ್ದ ಕಾಲ. ಹೆದ್ದಾರಿಯ ದೊಡ್ಡ ಲಾರಿಗಳ ಚಾಲಕರು ಸಿ.ಬಿ. ರೇಡಿಯೋದಲ್ಲಿ ಪೊಲೀಸರ ಸುಳಿವು ಹಂಚಿಕೊಂಡು 55ರ ಮಿತಿಯನ್ನು ಗಾಳಿಗೆ ತೂರುತ್ತಿದ್ದರು. ಸಿನಿಮಾದವರ ಕಣ್ಣಿಗೆ ಅವರೇ ನಾಯಕರು. ಡಾಡ್ಜ್ ಇದನ್ನೆಲ್ಲ ಮೂಸಿ ನೋಡಿ 'ದೊಡ್ಡವರ ಆಟಿಕೆಗಳು' ಎಂಬ ಜಾಹೀರಾತಿನಡಿ ಒಂದು ಸಾಲು ಗಾಡಿ ಬಿಟ್ಟಿತು. ಚಿನ್ನದ ಬಣ್ಣದ ಗೆರೆ, ಮರದ ಪಟ್ಟಿಯ 'ವಾರ್‌ಲಾಕ್', ದಪ್ಪ ಪಟ್ಟೆಯ 'ಮ್ಯಾಚೊ ಪವರ್ ವ್ಯಾಗನ್', 'ಸ್ಟ್ರೀಟ್ ವ್ಯಾನ್'. ಸ್ಟಿಕರಿನ ಕಾಲ ಅದು. ಹೆಚ್ಚಿನವುಗಳ ವಿಶೇಷ ಬಣ್ಣದ ಡಬ್ಬಿಯಲ್ಲೇ ಮುಗಿಯುತ್ತಿತ್ತು.

ಒಂದು ಗಾಡಿಯಲ್ಲಿ ಮಾತ್ರ ಬಾನೆಟ್ಟಿನ ಕೆಳಗೂ ಕೆಲಸ ನಡೆಯಿತು. ಅದಕ್ಕೆ ಕಾರಣ ಟಾಮ್ ಹೂವರ್. 426 ಹೆಮಿ ರೇಸ್ ಎಂಜಿನ್ನಿನ ಜನಕ ಎಂದು ಹೆಸರಾದ ಈ ಎಂಜಿನಿಯರನಿಗೆ 1970ರ ದಶಕದ ಕ್ರೈಸ್ಲರ್‌ನಲ್ಲಿ ಮೈಗೆ ತಕ್ಕ ಕೆಲಸ ಇರಲಿಲ್ಲ. ಪಿಕಪ್ಪಿನ ಕಿಂಡಿ ಅವನಿಗೆ ಸಿಕ್ಕಿತು. ಗಿಡ್ಡ ಪೆಟ್ಟಿಗೆಯ, ಹಳೆಯ ಕಾಲದ ಉಬ್ಬು ಮಡ್‌ಗಾರ್ಡಿನ ಡಿ150 ಆರಿಸಿಕೊಂಡರು. ಹೆದ್ದಾರಿ ಪೊಲೀಸರ ಕಾರಿಗೆ ಕೂರಿಸುತ್ತಿದ್ದ 360 ಘನ ಇಂಚಿನ ವಿ8 ಎಂಜಿನ್ನಿಗೆ ಹಿಂದಿನ ದಶಕದ 340 ಎಂಜಿನ್ನಿನ ಕ್ಯಾಮ್‌ಶಾಫ್ಟ್ ಹೊಂದಿಸಿದರು. ಮೊದಲ ಮಾದರಿ ಗಾಡಿಗೆ ರೇಸಿನ ಬಿಡಿಭಾಗಗಳನ್ನೂ ಧಾರಾಳವಾಗಿ ಸುರಿದರು. ಅದನ್ನು ಓಡಿಸಿ ನೋಡಿದ 'ಕಾರ್ ಅಂಡ್ ಡ್ರೈವರ್' ಪತ್ರಿಕೆ 1977ರ ನವೆಂಬರ್ ಸಂಚಿಕೆಯಲ್ಲಿ ಬರೆದ ವರದಿ ಓದಿ ಜನ ಬೆಚ್ಚಿದರು. ನಿಂತಲ್ಲಿಂದ ಗಂಟೆಗೆ 100 ಮೈಲಿ ಮುಟ್ಟುವುದರಲ್ಲಿ ಪತ್ರಿಕೆ ಪರೀಕ್ಷಿಸಿದ ಆ ವರ್ಷದ ಅಮೆರಿಕದ ಗಾಡಿಗಳನ್ನೆಲ್ಲ ಈ ಪಿಕಪ್ ಹಿಂದೆ ಹಾಕಿತ್ತು. ಕಾರ್ವೆಟ್ಟೂ ಹಿಂದೆ ಬಿದ್ದಿತ್ತು.

ಮಾರಾಟಕ್ಕೆ ಬಂದ ಗಾಡಿ ಅಷ್ಟು ಬಿರುಸಿನದಲ್ಲ. ರೇಸಿನ ಭಾಗಗಳು ಕಳಚಿದ್ದವು, ಎಂಜಿನ್ 225 ಅಶ್ವಶಕ್ತಿಗೆ ನಿಂತಿತ್ತು. ಇವತ್ತಿನ ಲೆಕ್ಕದಲ್ಲಿ ನಗೆ ಬರಿಸುವ ಅಂಕಿ. 1978ರಲ್ಲಿ ಸ್ಪೋರ್ಟ್ಸ್ ಕಾರುಗಳ ಸರಿಸಾಟಿ. ಆದರೆ 'ಲಿಲ್ ರೆಡ್ ಎಕ್ಸ್‌ಪ್ರೆಸ್' ಎಂದು ಹೆಸರಿಟ್ಟ ಈ ಗಾಡಿಯನ್ನು ನೋಡಿದವನ ಕಣ್ಣು ಎಂಜಿನ್ನಿನ ಕಡೆ ಹೋಗುತ್ತಿರಲಿಲ್ಲ. ಕಡುಗೆಂಪು ಬಣ್ಣ. ಬಾಗಿಲ ಮೇಲೆ ಚಿನ್ನದ ಬಣ್ಣದ ದಪ್ಪ ಅಕ್ಷರ. ಪೆಟ್ಟಿಗೆಯ ಬದಿಗೂ ಹಿಂಬಾಗಿಲಿಗೂ ಓಕ್ ಮರದ ಹಲಗೆ. ಎಲ್ಲಕ್ಕಿಂತ ಮಿಗಿಲಾಗಿ ಕ್ಯಾಬಿನ್ನಿನ ಹಿಂದೆ ಎಡಕ್ಕೊಂದು ಬಲಕ್ಕೊಂದು ನೆಟ್ಟಗೆ ನಿಂತ ಕ್ರೋಮಿನ ಹೊಗೆ ಕೊಳವೆಗಳು. ಹೆದ್ದಾರಿಯ ದೊಡ್ಡ ಲಾರಿಗಳಿಂದ ಎರವಲು ತಂದ ರೂಪ. ಸರಕು ತುಂಬಲು ಅವು ಅಡ್ಡ ಬರುತ್ತಿದ್ದವು ಎಂದು ಯಾರೂ ದೂರಿದಂತೆ ಕಾಣೆ. ಸರಕು ತುಂಬುವವರು ಇದನ್ನು ಕೊಳ್ಳುತ್ತಲೇ ಇರಲಿಲ್ಲ.

1978ರಲ್ಲಿ 2,188 ಗಾಡಿಗಳು. ಕ್ಯಾಲಿಫೋರ್ನಿಯಾದಂಥ ಬಿಗಿ ಕಾನೂನಿನ ಕಡೆ ಅವನ್ನು ಮಾರುವಂತಿರಲಿಲ್ಲ. ಮರುವರ್ಷಕ್ಕೆ ಸರ್ಕಾರ ಕಿಂಡಿ ಮುಚ್ಚಿತು: ಮಿತಿ 6,000ದಿಂದ 8,500 ಪೌಂಡಿಗೆ ಏರಿತು. 1979ರ ಎಕ್ಸ್‌ಪ್ರೆಸ್ಸಿಗೆ ಕನ್ವರ್ಟರ್ ಬಂತು, ಸೀಸವಿಲ್ಲದ ಪೆಟ್ರೋಲು ಬಂತು. ಡಾಡ್ಜ್ ಪಿಕಪ್‌ಗಳ ಮುಖವೇ ಬದಲಾಗಿ ಎರಡು ದುಂಡು ದೀಪಗಳ ಜಾಗದಲ್ಲಿ ಒಂದರ ಮೇಲೊಂದು ಕೂತ ನಾಲ್ಕು ಚೌಕ ದೀಪಗಳು ಬಂದವು. ವಿಚಿತ್ರವೆಂದರೆ ಈ ಸಪ್ಪೆಯಾದ ಗಾಡಿಯೇ ಹೆಚ್ಚು ಹೋಯಿತು, 5,118. ಅಷ್ಟರಲ್ಲಿ ಇರಾನಿನ ಕ್ರಾಂತಿ, ಎರಡನೆಯ ತೈಲ ಬಿಕ್ಕಟ್ಟು. ಕ್ರೈಸ್ಲರ್ ದಿವಾಳಿಯ ಅಂಚಿಗೆ ಬಂದು ನಿಂತಿತು. ಫೋರ್ಡ್‌ನಿಂದ ಹೊರಬಿದ್ದು ಬಂದ ಲೀ ಅಯಕೋಕ ಸರ್ಕಾರದ ಬಾಗಿಲು ತಟ್ಟಿ, 1980ರ ಜನವರಿಯಲ್ಲಿ ಅಧ್ಯಕ್ಷ ಕಾರ್ಟರ್ 150 ಕೋಟಿ ಡಾಲರ್ ಸಾಲಕ್ಕೆ ಜಾಮೀನು ನಿಲ್ಲುವ ಮಸೂದೆಗೆ ಸಹಿ ಹಾಕುವ ಹೊತ್ತಿಗೆ ಆಟಿಕೆಗಳ ಅಂಗಡಿ ಮುಚ್ಚಿಯಾಗಿತ್ತು.

ಒಟ್ಟು 7,306. ಅದರಲ್ಲಿ ಉಪ್ಪು ಹಾಕಿ ಹಿಮ ಕರಗಿಸುವ ಉತ್ತರದ ರಾಜ್ಯಗಳಿಗೆ ಹೋದವು ಎಷ್ಟೋ ಕರಗಿಯೇ ಹೋದವು. ಆ ಕಾಲದ ಡಾಡ್ಜ್ ಪಿಕಪ್ ತುಕ್ಕಿಗೆ ಬಲು ಸಸಾರ. ಕ್ಯಾಬಿನ್ನಿನ ಹಿಂದಿನ ಕೆಳ ಮೂಲೆಗಳು, ಬಾಗಿಲಿನ ತಳ, ಛಾವಣಿಯ ಅಂಚಿನ ನೀರ್ಗಾಲುವೆ ಈ ಮೂರನ್ನು ಮೊದಲು ಮುಟ್ಟಿ ನೋಡಬೇಕು. ಕೊಳ್ಳುವವನು ಆಯಸ್ಕಾಂತ ಹಿಡಿದು ಹೋಗುವುದು ಒಳ್ಳೆಯದು, ಅದು ಅಂಟದ ಕಡೆ ಪುಟ್ಟಿಯಿದೆ ಎಂದು ಅರ್ಥ. ತಗಡಿನ ಕೆಲಸ ಕಷ್ಟವಾದರೂ ಬಗೆಹರಿಯುವಂಥದು. ಡಿ ಸರಣಿಯ ಮಾಮೂಲಿ ಪಿಕಪ್‌ಗಳು ಲಕ್ಷಾಂತರ ಬಂದಿದ್ದವಾದ್ದರಿಂದ ಬಾಗಿಲು, ಬಾನೆಟ್ಟು ಹುಡುಕಿದರೆ ಸಿಗುತ್ತವೆ. ಸಿಗದಿರುವುದು ಸಿಂಗಾರ.

ಓಕ್ ಹಲಗೆಯನ್ನೇ ನೋಡಿ. ಓಕ್ ಮರದಲ್ಲಿ ಒಗರಿನ ಅಂಶ ಹೆಚ್ಚು. ಮೇಲಿನ ವಾರ್ನಿಷ್ ಬಿರುಕು ಬಿಟ್ಟು ಮಳೆನೀರು ಒಳಗಿಳಿದರೆ ಆ ಒಗರು ಬೋಲ್ಟಿನ ಕಬ್ಬಿಣದ ಜತೆ ಸೇರಿ, ಅಳಲೆಕಾಯಿಗೆ ಕಬ್ಬಿಣ ಹಾಕಿ ಶಾಯಿ ಮಾಡುತ್ತಿದ್ದರಲ್ಲ, ಹಾಗೆ ಕಡುಗಪ್ಪಾಗುತ್ತದೆ. ಪ್ರತಿ ಬೋಲ್ಟಿನ ಸುತ್ತ ಒಂದು ಕರಿ ಕಣ್ಣು. ಅದನ್ನು ಕಂಡು ಹಲಗೆ ಕೊಳೆತಿದೆ ಎಂದು ಕಿತ್ತೆಸೆಯುವವರಿದ್ದಾರೆ. ಆಕ್ಸಾಲಿಕ್ ಆಮ್ಲದ ತಿಳಿ ದ್ರಾವಣ ಹಚ್ಚಿ ತೊಳೆದರೆ ಆ ಕಪ್ಪು ಬಹಳಮಟ್ಟಿಗೆ ಬಿಡುತ್ತದೆ, ಮೂಲದ ಹಲಗೆ ಉಳಿಯುತ್ತದೆ. ನಿಜವಾದ ಹಾನಿ ಹಲಗೆಯ ಹಿಂದೆ. ಮರಕ್ಕೂ ತಗಡಿಗೂ ನಡುವೆ ನಿಂತ ತೇವ ಹೊರಗೆ ಕಾಣದಂತೆ ತಗಡನ್ನು ತಿನ್ನುತ್ತಿರುತ್ತದೆ. ಹಲಗೆ ಬಿಚ್ಚದೆ ಗಾಡಿಯ ಬೆಲೆ ಕಟ್ಟಬಾರದು.

ಎಂಜಿನ್ನಿನ ಮೇಲೆ ಕೂತ, ಕಾರ್ಟರ್ ಕಂಪನಿಯ ಥರ್ಮೋಕ್ವಾಡ್ ಕಾರ್ಬುರೇಟರ್ ಇನ್ನೊಂದು ಸ್ವಾರಸ್ಯದ ಸಾಮಾನು. ಅದರ ನಡುವಿನ ಭಾಗ ಲೋಹದ್ದಲ್ಲ. ಹಳೆಯ ಸ್ವಿಚ್ಚುಗಳಲ್ಲಿ ಕಾಣುವ ಬೇಕಲೈಟ್ ಜಾತಿಯ ಕರಿ ಪ್ಲಾಸ್ಟಿಕ್ಕು. ಎಂಜಿನ್ನಿನ ಕಾವು ತಾಗದೆ ಪೆಟ್ರೋಲು ತಣ್ಣಗಿರಲಿ ಎಂಬ ಜಾಣತನ, ಆ ಮಟ್ಟಿಗೆ ಅದು ಚೆನ್ನಾಗಿಯೇ ನಡೆಯಿತು. ವರ್ಷಗಳು ಉರುಳಿದ ಮೇಲೆ ಆ ಪ್ಲಾಸ್ಟಿಕ್ಕು ಸೊಟ್ಟಗಾಗಿ ಕೂಡುವೆಗಳಲ್ಲಿ ಪೆಟ್ರೋಲು ಒಸರತೊಡಗಿತು. ಮೆಕ್ಯಾನಿಕ್ಕುಗಳು ಬೈದು ಕಿತ್ತು ಬೇರೆ ಕಂಪನಿಯದು ಹಾಕಿದರು. ಈಗ ಅದೇ ಮೆಕ್ಯಾನಿಕ್ಕುಗಳ ಷೆಡ್ಡಿನ ಮೂಲೆಯಲ್ಲಿ ಬಿದ್ದ ಥರ್ಮೋಕ್ವಾಡ್‌ಗಾಗಿ ಸಂಗ್ರಹಕಾರರು ಅಲೆಯುತ್ತಾರೆ. ಗಾಜಿನ ಮೇಲೆ ಮರಳು ಕಾಗದ ಹಾಸಿ ಆ ಪ್ಲಾಸ್ಟಿಕ್ಕಿನ ಮುಖವನ್ನು ಸಮನಾಗುವವರೆಗೆ ಹಗುರವಾಗಿ ತಿಕ್ಕಿ, ಹೊಸ ಗ್ಯಾಸ್ಕೆಟ್ಟು ಹಾಕಿದರೆ ಅದು ಮತ್ತೆ ಕೆಲಸಕ್ಕೆ ಬರುತ್ತದೆ. ತೀರಾ ಸೀಳಿದ್ದರೆ ಉಪಾಯವಿಲ್ಲ.

ಬಣ್ಣ, ಸ್ಟಿಕರು, ಹಲಗೆ ಎಲ್ಲವೂ ನಕಲು ಸಿಗುವ ಕಾಲ ಬಂದ ಮೇಲೆ ನಕಲಿ ಗಾಡಿಯೂ ಬಂತು. ಯಾವುದೋ ಗಿಡ್ಡ ಪೆಟ್ಟಿಗೆಯ ಡಿ150ಗೆ ಕೆಂಪು ಬಳಿದು ಕೊಳವೆ ನಿಲ್ಲಿಸಿದರೆ ಹತ್ತು ಹೆಜ್ಜೆ ದೂರದಿಂದ ಗೊತ್ತಾಗದು. ಬಲ್ಲವರು ಬಾನೆಟ್ ಎತ್ತುತ್ತಾರೆ. ಅದರ ಒಳಮೈಗೆ ಅಂಟಿಸಿದ ತಗಡಿನ ಪಟ್ಟಿಯಲ್ಲಿ ಕಾರ್ಖಾನೆಯ ಸಂಕೇತಗಳಿರುತ್ತವೆ. ಎಕ್ಸ್‌ಪ್ರೆಸ್ಸಿನದಾದರೆ ವೈಎಚ್6 ಎಂದು ಇರಬೇಕು. ಚಾಸಿ ನಂಬರಿನಲ್ಲಿ ಎಂಜಿನ್ ಸೂಚಿಸುವ ಅಕ್ಷರ ತಾಳೆಯಾಗಬೇಕು. ಬಾನೆಟ್ಟೇ ಬದಲಾಗಿದ್ದರೆ? ಆಗ ನಂಬರೊಂದೇ ಗತಿ, ಜತೆಗೆ ಹಳೆಯ ಮಾಲೀಕನ ಕಾಗದ ಪತ್ರ. ಸೀಟಿನ ಸ್ಪ್ರಿಂಗುಗಳ ನಡುವೆ ಕಾರ್ಖಾನೆಯ ಜೋಡಣಾ ಪಟ್ಟಿಯ ಹಾಳೆ ಮುದುಡಿ ಸಿಕ್ಕಿಕೊಂಡಿರುವುದುಂಟು. ಸೀಟಿನ ಹೊದಿಕೆ ಹರಿದು ಬಿಸಾಡುವ ಮುನ್ನ ಕೈ ಹಾಕಿ ನೋಡದವನು ಪೆದ್ದ.

ಈ ಪರಂಪರೆ ಎಕ್ಸ್‌ಪ್ರೆಸ್ಸಿಗೆ ನಿಲ್ಲಲಿಲ್ಲ. 1991ರಲ್ಲಿ ಜನರಲ್ ಮೋಟಾರ್ಸ್ ಬಳಗದ ಜಿಎಂಸಿ ತಂದ ಕರಿಯ ಸೈಕ್ಲೋನ್ ಪಿಕಪ್ ಟರ್ಬೊ ಹಾಕಿದ ವಿ6 ಎಂಜಿನ್ನಿನಿಂದ 280 ಅಶ್ವಶಕ್ತಿ ತೆಗೆದು, ಅದೇ 'ಕಾರ್ ಅಂಡ್ ಡ್ರೈವರ್' ಏರ್ಪಡಿಸಿದ ಪಂದ್ಯದಲ್ಲಿ ಫೆರಾರಿಯ ಎದುರು ನಿಂತಿತು. ಮೂರು ಸಾವಿರಕ್ಕೂ ಕಡಿಮೆ ತಯಾರಾದವು. ಅದರ ಮೇಲೆ 500 ಪೌಂಡಿಗಿಂತ ಹೆಚ್ಚು ಹೇರಬೇಡಿ ಎಂದು ಕಂಪನಿಯೇ ಹೇಳಿತ್ತು. ಅಂದರೆ ನಮ್ಮ ಕಡೆಯ ನಾಲ್ಕೈದು ಮೂಟೆ ಅಕ್ಕಿ. ಪಿಕಪ್ ಎಂಬ ಹೆಸರು ಅದಕ್ಕೆ ಯಾಕೆ ಬೇಕಿತ್ತೋ! ನನಗೆ ಸೈಕ್ಲೋನ್ ಬಗ್ಗೆ ಗೌರವವಿದೆ, ಅಕ್ಕರೆಯಿಲ್ಲ.

ಸಂಗ್ರಹಕಾರರಲ್ಲಿ 1978ರ ಎಕ್ಸ್‌ಪ್ರೆಸ್ಸಿಗೇ ಮಣೆ. ದುಂಡು ದೀಪ, ಕನ್ವರ್ಟರ್ ಇಲ್ಲದ ಕೊಳವೆ, ಕಡಿಮೆ ಸಂಖ್ಯೆ. 1979ರದನ್ನು ಕೊಂಡವರಲ್ಲಿ ಹಲವರು ಕನ್ವರ್ಟರ್ ಕಿತ್ತು, ಅದನ್ನು 78ರಂತೆ ಕೂಗುವ ಹಾಗೆ ಮಾಡಿಸಿಕೊಂಡರು. ಈಗ ದುರಸ್ತಿ ಮಾಡುವವರೂ ಬೇಡವೆಂದು ಅದನ್ನು ಬಿಟ್ಟುಬಿಡುತ್ತಾರೆ. ನನ್ನನ್ನು ಕೇಳಿದರೆ ಕನ್ವರ್ಟರ್, ಅದರ ಕಾವು ತಡೆಯುವ ತಗಡು, ಸೀಸವಿಲ್ಲದ ಪೆಟ್ರೋಲಿಗೆಂದು ಕಿರಿದಾಗಿಸಿದ ಟ್ಯಾಂಕಿನ ಬಾಯಿ ಸಮೇತ ಇರುವ 1979ರ ಗಾಡಿಯನ್ನೇ ಹುಡುಕುವುದು ಲೇಸು. ತಯಾರಾದದ್ದು 5,118 ನಿಜ, ತಯಾರಾದಂತೆಯೇ ಉಳಿದದ್ದನ್ನು ಕೇಳಿಕೊಂಡು ಹೊರಟರೆ 78ಕ್ಕಿಂತ ಹೆಚ್ಚು ಚಪ್ಪಲಿ ಸವೆಯುತ್ತದೆ.